ನಿಮ್ಮ ಬೆಕ್ಕಿಗೆ ಯಾವ ಲಸಿಕೆ: ಮೂರರದೋ, ನಾಲ್ಕರದೋ, ಐದರದೋ?

ಬೆಕ್ಕನ್ನು ಮೊದಲ ಬಾರಿಗೆ ಪಶುವೈದ್ಯರ ಬಳಿ ಕರೆದೊಯ್ದವರ ಮುಂದೆ ಸಾಮಾನ್ಯವಾಗಿ ಬಂದು ನಿಲ್ಲುವ ಪ್ರಶ್ನೆ ಇದು: ಮೂರರ ಲಸಿಕೆ ಸಾಕೇ, ನಾಲ್ಕರದು ಬೇಕೇ, ಐದರದೇ? ಒಂದೇ ಚುಚ್ಚುಮದ್ದಿನಲ್ಲಿ ಎಷ್ಟು ರೋಗಗಳಿಗೆ ತಡೆ ಇದೆ ಎಂಬ ಲೆಕ್ಕವದು. ಅಂಕೆ ದೊಡ್ಡದಾದಷ್ಟೂ ರಕ್ಷಣೆ ದೊಡ್ಡದು ಎಂದು ಅನ್ನಿಸುವುದು ಸಹಜ. ನನಗೂ ಹಾಗೆಯೇ ಅನ್ನಿಸಿತ್ತು. ಮೊದಲ ಬೆಕ್ಕಿಗೆ ‘ಇರುವುದರಲ್ಲಿ ದೊಡ್ಡದನ್ನೇ ಕೊಟ್ಟುಬಿಡಿ’ ಎಂದು ಪಾತ್ರೆ ಕೊಳ್ಳುವವನ ಹಾಗೆ ಕೇಳಿದ್ದೆ. ವೈದ್ಯರು ಸೂಜಿಯನ್ನು ಬದಿಗಿಟ್ಟು ಮೂರು ಮಾತು ವಿಚಾರಿಸಿದರು: ಬೆಕ್ಕು ಹೊರಗೆ ಹೋಗುತ್ತದೆಯೇ, ಮನೆಯಲ್ಲಿ ಬೇರೆ ಬೆಕ್ಕುಗಳಿವೆಯೇ, ವಯಸ್ಸೆಷ್ಟು? ಆಯ್ಕೆಯೆಲ್ಲ ಆ ಮೂರು ಉತ್ತರಗಳ ಮೇಲೆ ನಿಂತಿದೆ ಎಂಬುದು ನನಗೆ ಅರ್ಥವಾಗಲು ಇನ್ನೂ ಎರಡು ಬೆಕ್ಕುಗಳು ಬರಬೇಕಾಯಿತು.

ಮೊದಲು ಅಂಕೆಗಳನ್ನೇ ಬಿಡಿಸೋಣ. ಮೂರರ ಲಸಿಕೆ ಎಂದರೆ ಪ್ಯಾನ್‌ಲ್ಯೂಕೋಪೀನಿಯಾ, ಹರ್ಪಿಸ್ ಮತ್ತು ಕ್ಯಾಲಿಸಿ ಎಂಬ ಮೂರು ವೈರಸ್‌ಗಳ ವಿರುದ್ಧದ್ದು. ಇದರಲ್ಲಿ ಗೊಂದಲವಿಲ್ಲ. ತೊಡಕು ಹುಟ್ಟುವುದು ನಾಲ್ಕನೆಯದರಲ್ಲಿ. ಒಂದು ಕಂಪನಿಯ ನಾಲ್ಕನೆಯದು ಕ್ಲಮೈಡಿಯಾ, ಇನ್ನೊಂದರದು ರೇಬಿಸ್, ಮತ್ತೊಂದರದು ಲ್ಯುಕೇಮಿಯಾ. ಇಬ್ಬರು ಗೆಳೆಯರು ‘ನಾಲ್ಕರದು ಹಾಕಿಸಿದ್ದೇವೆ’ ಎಂದು ಹೇಳಿಕೊಂಡರೂ ಅವರ ಬೆಕ್ಕುಗಳಿಗೆ ಸಿಕ್ಕಿರುವ ರಕ್ಷಣೆ ಬೇರೆ ಬೇರೆ ಇರಬಹುದು. ಆದ್ದರಿಂದ ಎಷ್ಟರದು ಎಂದು ಕೇಳಿ ಸುಮ್ಮನಾಗಬೇಡಿ, ಯಾವ ಯಾವುದರದು ಎಂದು ಕೇಳಿ, ಸೀಸೆಯ ಚೀಟಿಯನ್ನು ಓದಿ.

ಚೌಕಾಸಿಗೆ ಸಿಗದ ಮೂರು

ವಿಶ್ವ ಸಣ್ಣ ಪ್ರಾಣಿಗಳ ಪಶುವೈದ್ಯ ಸಂಘ ತನ್ನ ಮಾರ್ಗಸೂಚಿಗಳಲ್ಲಿ ಲಸಿಕೆಗಳನ್ನು ವಿಂಗಡಿಸಿ ಹೇಳುತ್ತದೆ: ಎಲ್ಲ ಬೆಕ್ಕುಗಳಿಗೂ ಬೇಕಾದವು, ಬದುಕುವ ರೀತಿಯನ್ನು ನೋಡಿ ಕೊಡಬೇಕಾದವು, ಶಿಫಾರಸು ಮಾಡದವು. ಮೇಲಿನ ಮೂರು ವೈರಸ್‌ಗಳ ಲಸಿಕೆ ಮೊದಲ ಗುಂಪಿಗೆ ಸೇರಿದ್ದು. ಇಲ್ಲಿ ಆಯ್ಕೆಯ ಮಾತೇ ಇಲ್ಲ.

ಕಾರಣ ಪ್ಯಾನ್‌ಲ್ಯೂಕೋಪೀನಿಯಾ. ನಾಯಿಗಳನ್ನು ಕಾಡುವ ಪಾರ್ವೊ ವೈರಸ್‌ನ ದಾಯಾದಿ ಇದು. 1970ರ ದಶಕದ ಕೊನೆಯಲ್ಲಿ ಕಾಣಿಸಿಕೊಂಡ ನಾಯಿಗಳ ಪಾರ್ವೊ ಇದೇ ವಂಶದಿಂದ ಕವಲೊಡೆದದ್ದು. ವೇಗವಾಗಿ ಬೆಳೆಯುವ ಜೀವಕೋಶಗಳೆಂದರೆ ಇದಕ್ಕೆ ಇಷ್ಟ. ಹಾಗಾಗಿ ಕರುಳಿನ ಒಳಪದರ ಹಾಳಾಗಿ ವಾಂತಿ, ರಕ್ತಭೇದಿ ಶುರುವಾಗುತ್ತವೆ; ಮೂಳೆಯ ಮಜ್ಜೆ ಸೋತು ಬಿಳಿ ರಕ್ತಕಣಗಳು ನೆಲ ಕಚ್ಚುತ್ತವೆ. ಲಸಿಕೆ ಇಲ್ಲದ ಮರಿಗಳಲ್ಲಿ ಸಾವಿನ ಪ್ರಮಾಣ ಶೇ 90ರವರೆಗೂ ಹೋಗಬಲ್ಲದು. ಗಬ್ಬದ ಬೆಕ್ಕಿಗೆ ಸೋಂಕು ತಗಲಿದರೆ ಹುಟ್ಟುವ ಮರಿಗಳ ಕಿರುಮೆದುಳು ಬೆಳೆಯದೆ, ಅವು ಜೀವನವಿಡೀ ತೂರಾಡುತ್ತಲೇ ನಡೆಯುತ್ತವೆ.

ಮನೆಯಿಂದ ಹೊರಗೆ ಕಾಲಿಡದ ಬೆಕ್ಕಿಗೆ ರೋಗ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಇಲ್ಲಿ ಕಣ್ಣು ಮುಚ್ಚಿ ಹಾಲು ಕುಡಿಯುತ್ತಿರುವುದು ಬೆಕ್ಕಲ್ಲ, ಅದನ್ನು ಸಾಕಿದವರು. ಈ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯ ತಳದಲ್ಲಿ ಒಂದು ವರ್ಷದವರೆಗೂ ಜೀವ ಹಿಡಿದುಕೊಂಡಿರಬಲ್ಲದು. ಸಾಬೂನಿಗೆ, ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಬಗ್ಗುವುದಿಲ್ಲ. ನೀರಿನಲ್ಲಿ ಬೆರೆಸಿದ ಬ್ಲೀಚ್‌ನಂಥದ್ದೇ ಬೇಕು. ಬೆಕ್ಕು ಹೊರಗೆ ಹೋಗದಿದ್ದರೇನು, ನಾವು ಹೋಗಿ ಬರುತ್ತೇವಲ್ಲ.

ಸಮಾಧಾನದ ಸಂಗತಿಯೆಂದರೆ, ಮೂರರಲ್ಲಿ ಅತಿ ಭೀಕರವಾದ ಇದಕ್ಕೇ ಅತಿ ಗಟ್ಟಿಯಾದ ಲಸಿಕೆ ಇದೆ. ಸರಿಯಾಗಿ ಹಾಕಿಸಿದ ಬೆಕ್ಕಿಗೆ ಈ ರೋಗ ಬರುವುದು ತೀರ ಅಪರೂಪ. ಉಳಿದೆರಡು ಭಾಗಗಳಿಗೆ ಅಷ್ಟು ಬಲವಿಲ್ಲ. ಹರ್ಪಿಸ್ ಮತ್ತು ಕ್ಯಾಲಿಸಿ ಎರಡೂ ಬೆಕ್ಕಿನ ನೆಗಡಿಗೆ ಮೂಲ: ಸೀನು, ಸೋರುವ ಕಣ್ಣು, ಕ್ಯಾಲಿಸಿಯಾದರೆ ನಾಲಿಗೆಯ ಮೇಲೆ ಹುಣ್ಣು, ಕೆಲವೊಮ್ಮೆ ಕುಂಟುವುದು. ಹರ್ಪಿಸ್ ಒಮ್ಮೆ ಒಳಹೊಕ್ಕರೆ ನರಗಳಲ್ಲಿ ಅಡಗಿ ಕೂತು, ಮನೆ ಬದಲಾಯಿಸಿದಾಗ, ಹೊಸ ಬೆಕ್ಕು ಬಂದಾಗ, ದುಗುಡ ಹೆಚ್ಚಿದಾಗ ತಲೆ ಎತ್ತುತ್ತದೆ. ಕ್ಯಾಲಿಸಿಗೆ ತಳಿಗಳು ಹಲವಾರು, ಎಲ್ಲಕ್ಕೂ ಒಂದೇ ಲಸಿಕೆ ಒಗ್ಗುವುದಿಲ್ಲ. ಲಸಿಕೆ ಪಡೆದ ಬೆಕ್ಕಿಗೂ ನೆಗಡಿ ಬರಬಹುದು. ಆದರೆ ಅದು ಉಣ್ಣುವುದನ್ನು ಬಿಟ್ಟು ಮೂಲೆ ಸೇರುವಷ್ಟು ಕೆಡುವುದು ಕಡಿಮೆ. ‘ಲಸಿಕೆ ಹಾಕಿಸಿದರೂ ಸೀನುತ್ತಿದೆ, ಎಲ್ಲ ಮೋಸ’ ಎಂದು ಸಿಟ್ಟಾಗುವವರು ಇದನ್ನು ತಿಳಿದಿರಬೇಕು.

ರೇಬಿಸ್ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಲಕ್ಷಣ ಕಾಣಿಸಿದ ಮೇಲೆ ಬೆಕ್ಕಿಗೂ ಮದ್ದಿಲ್ಲ, ಅದು ಕಚ್ಚಿದ ಮನುಷ್ಯನಿಗೆ ಲಕ್ಷಣ ಕಾಣಿಸಿದರೂ ಮದ್ದಿಲ್ಲ ಎನ್ನಬೇಕು. ರೋಗ ಇರುವ ನಾಡುಗಳಲ್ಲೆಲ್ಲ ಇದು ಕಡ್ಡಾಯದ ಸಾಲಿಗೇ ಸೇರುತ್ತದೆ, ಹಲವೆಡೆ ಕಾನೂನೇ ಹಾಗಿದೆ. ಸಾಮಾನ್ಯವಾಗಿ 12 ವಾರ ತುಂಬಿದ ಮೇಲೆ ಒಂದು ಚುಚ್ಚು, ಒಂದು ವರ್ಷಕ್ಕೆ ಇನ್ನೊಂದು. ಆಮೇಲೆ ಒಂದು ವರ್ಷದ್ದೋ ಮೂರು ವರ್ಷದ್ದೋ ಎಂಬ ಆಯ್ಕೆ ಬರುತ್ತದೆ. ಕಾನೂನು ಒಪ್ಪುವುದಾದರೆ ನಾನು ಮೂರು ವರ್ಷದ್ದನ್ನೇ ಆರಿಸುತ್ತೇನೆ. ಚುಚ್ಚು ಕಡಿಮೆ, ಬುಟ್ಟಿಗೆ ಹಾಕುವ ಕಾಳಗವೂ ಕಡಿಮೆ.

ನಿಜವಾದ ಆಯ್ಕೆ: ಲ್ಯುಕೇಮಿಯಾ

ಮನಸ್ಸು ಗಟ್ಟಿ ಮಾಡಿ ಯೋಚಿಸಬೇಕಾದದ್ದು ಈ ಲಸಿಕೆಯ ಬಗ್ಗೆ. ಬೆಕ್ಕಿನ ಲ್ಯುಕೇಮಿಯಾ ವೈರಸ್ಸನ್ನು 1964ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಜ್ಯಾರೆಟ್ ಮತ್ತು ಸಂಗಡಿಗರು ಗುರುತಿಸಿದರು. ಹೆಸರು ರಕ್ತದ ಕ್ಯಾನ್ಸರಿನದಾದರೂ, ರಕ್ತಹೀನತೆ ಮತ್ತು ರೋಗನಿರೋಧಕ ಶಕ್ತಿಯ ಕುಸಿತದಿಂದಲೂ ಬೆಕ್ಕುಗಳು ಸಾಯುತ್ತವೆ. ಹರಡುವುದು ಮುಖ್ಯವಾಗಿ ಎಂಜಲಿನಿಂದ: ಒಂದನ್ನೊಂದು ನೆಕ್ಕುವುದು, ಒಂದೇ ಬಟ್ಟಲಿನಲ್ಲಿ ಉಣ್ಣುವುದು, ಕಚ್ಚಾಟ, ತಾಯಿಯಿಂದ ಮರಿಗೆ. ಅಂದರೆ ಜಗಳವಾಡುವ ಬೆಕ್ಕುಗಳಿಗೆ ಮಾತ್ರವಲ್ಲ, ಮುದ್ದಾಡುವ ಬೆಕ್ಕುಗಳಿಗೂ ಬರುವ ರೋಗ. ವಯಸ್ಸು ಏರಿದಂತೆ ತಡೆಯುವ ಶಕ್ತಿ ಹೆಚ್ಚುತ್ತದೆ. ಮರಿಗಳು ಸುಲಭವಾಗಿ ಸಿಕ್ಕಿಬೀಳುತ್ತವೆ.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಒಂದು ವರ್ಷದೊಳಗಿನ ಮರಿಯಾದರೆ, ಅದನ್ನು ಮನೆಯೊಳಗೇ ಇಡುವ ಉದ್ದೇಶವಿದ್ದರೂ ಹಾಕಿಸಿ. ಮರಿ ದೊಡ್ಡದಾಗಿ ಎಂಥ ಬೆಕ್ಕಾಗುತ್ತದೆ ಎಂದು ಅದರ ಐದನೇ ತಿಂಗಳಿನಲ್ಲಿ ಯಾರೂ ಹೇಳಲಾರರು. ನಾನು ‘ಮನೆಯ ಬೆಕ್ಕು’ ಎಂದು ಸಾಕಿದ್ದು ಈಗ ಕಿಟಕಿಯ ಚಿಲಕ ತೆಗೆಯಲು ಕಲಿತಿದೆ. ಹೊರಗೆ ಅಡ್ಡಾಡುವ ದೊಡ್ಡ ಬೆಕ್ಕಿಗೂ, ಅಂಥದರ ಜೊತೆ ಬಾಳುವ ಬೆಕ್ಕಿಗೂ ಬೇಕು. ಒಂಟಿಯಾಗಿ ಮನೆಯೊಳಗೇ ಇರುವ, ಹೊಸ ಬೆಕ್ಕಿನ ಮುಖ ಕಾಣದ ದೊಡ್ಡ ಬೆಕ್ಕಿಗೆ ಮುಂದಿನ ಬೂಸ್ಟರ್‌ಗಳನ್ನು ಬಿಡಬಹುದು. ಸಂಘದ ಮಾರ್ಗಸೂಚಿಗಳ ದಾರಿಯೂ ಹೆಚ್ಚು ಕಡಿಮೆ ಇದೇ.

ಹಾಕಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಈಗಾಗಲೇ ಸೋಂಕು ತಗಲಿದ ಬೆಕ್ಕಿಗೆ ಈ ಲಸಿಕೆಯಿಂದ ಪ್ರಯೋಜನವಿಲ್ಲ. ಹೊಸ ಬೆಕ್ಕನ್ನು ಹಳೆಯವುಗಳ ಜೊತೆ ಬಿಡುವ ಮೊದಲೂ ಈ ಪರೀಕ್ಷೆ ಬೇಕು; ಇಲ್ಲದಿದ್ದರೆ ಅಕ್ಕರೆಯಿಂದ ತಂದ ಬೆಕ್ಕೇ ಮನೆಯ ಉಳಿದವಕ್ಕೆ ಕಂಟಕವಾದೀತು.

ಮಿಕ್ಕವನ್ನು ಬೇಗ ಮುಗಿಸುತ್ತೇನೆ. ಕ್ಲಮೈಡಿಯಾ ಕಣ್ಣು ಕೆಂಪಾಗಿಸಿ ಊದಿಸುವ ಬ್ಯಾಕ್ಟೀರಿಯಾ. ಹಲವು ಬೆಕ್ಕುಗಳಿರುವ ಮನೆಯಲ್ಲಿ ಅದು ಮತ್ತೆ ಮತ್ತೆ ಬರುತ್ತಿದ್ದರೆ ಮಾತ್ರ ಲಸಿಕೆ ಯೋಚಿಸಿ. ಅದರ ಬಲವೂ ಅಲ್ಪಾವಧಿಯದು, ವರ್ಷವರ್ಷವೂ ಕೊಡಬೇಕು. ಬೋರ್ಡೆಟೆಲ್ಲಾ ಎಂಬ, ಕೆಮ್ಮು ನೆಗಡಿ ತರುವ ಬ್ಯಾಕ್ಟೀರಿಯಾದ ಲಸಿಕೆ ಆಶ್ರಯಧಾಮ, ಸಾಕಣೆ ಕೇಂದ್ರಗಳಂಥ ಇಕ್ಕಟ್ಟಿನ ಜಾಗಗಳಿಗೆ. ಎಫ್‌ಐಪಿ ಎಂಬ ಕೊರೊನಾ ವೈರಸ್ ರೋಗದ ಲಸಿಕೆಯನ್ನು ಮಾರ್ಗಸೂಚಿಗಳು ಶಿಫಾರಸು ಮಾಡುವುದಿಲ್ಲ. ಅದನ್ನು ಕೊಡುವುದು 16 ವಾರಕ್ಕೆ. ಗುಂಪಿನಲ್ಲಿ ಬೆಳೆದ ಮರಿಗಳಿಗೆ ಅಷ್ಟರಲ್ಲಿ ವೈರಸ್ ತಗಲಿಯೇ ಇರುತ್ತದೆ. ಎಫ್‌ಐವಿ, ಅಂದರೆ ಬೆಕ್ಕಿನ ಏಡ್ಸ್ ಎಂದು ಕರೆಯುವ ರೋಗಕ್ಕೆ ಒಂದು ಲಸಿಕೆ ಬಂದಿತ್ತು. ಉತ್ತರ ಅಮೆರಿಕದಲ್ಲಿ ಅದರ ಮಾರಾಟ ನಿಂತಿದೆ. ಅದನ್ನು ಪಡೆದ ಆರೋಗ್ಯವಂತ ಬೆಕ್ಕೂ ಸಾಮಾನ್ಯ ಪ್ರತಿಕಾಯ ಪರೀಕ್ಷೆಯಲ್ಲಿ ಸೋಂಕಿತವೆಂದು ಕಾಣಿಸುತ್ತಿದ್ದುದು ದೊಡ್ಡ ಫಜೀತಿ.

ಜೀವಂತ, ನಿಷ್ಕ್ರಿಯ, ಎರವಲು

ಒಂದೇ ರೋಗಕ್ಕೆ ಬೇರೆ ಬೇರೆ ಬಗೆಯ ಲಸಿಕೆಗಳಿವೆ. ಸಾಕಿದವರು ಈ ವ್ಯತ್ಯಾಸವನ್ನು ಕೇಳುವುದೇ ಕಡಿಮೆ. ನನ್ನ ಮಟ್ಟಿಗೆ ಅಂಕೆಗಿಂತ ಇದು ಮುಖ್ಯ.

ಜೀವಂತ ಲಸಿಕೆಯಲ್ಲಿ ದುರ್ಬಲಗೊಳಿಸಿದ ವೈರಸ್ ಇರುತ್ತದೆ. ಅದು ದೇಹದೊಳಗೆ ಸ್ವಲ್ಪ ಬೆಳೆದು ನಿಜವಾದ ಸೋಂಕಿನಂತೆಯೇ ರಕ್ಷಣೆಯನ್ನು ಎಬ್ಬಿಸುತ್ತದೆ. ಪ್ಯಾನ್‌ಲ್ಯೂಕೋಪೀನಿಯಾದಲ್ಲಿ ಇದು ಕೆಲವೇ ದಿನಗಳಲ್ಲಿ ಕೆಲಸ ಶುರುಮಾಡುತ್ತದೆ. ಸುತ್ತಮುತ್ತ ರೋಗ ಎದ್ದಿರುವಾಗ ಇದಕ್ಕೆ ಸಾಟಿಯಿಲ್ಲ. ಆದರೆ ಗಬ್ಬದ ಬೆಕ್ಕಿಗೆ ಇದು ಕೂಡದು, ನಾಲ್ಕು ವಾರ ತುಂಬದ ಮರಿಗೂ ಕೂಡದು. ನಿಷ್ಕ್ರಿಯ ಲಸಿಕೆಯಲ್ಲಿ ವೈರಸ್ ಸತ್ತಿರುತ್ತದೆ. ಅದು ಬೆಳೆಯುವ ಭಯವಿಲ್ಲ, ಆದರೆ ನಿಧಾನ; ಸಾಮಾನ್ಯವಾಗಿ ಎರಡನೇ ಚುಚ್ಚು ಬೀಳುವವರೆಗೂ ರಕ್ಷಣೆ ನೆಲೆಯೂರುವುದಿಲ್ಲ. ದೇಹವನ್ನು ಕೆಣಕಲು ಅದಕ್ಕೆ ಅಡ್ಜುವೆಂಟ್ ಎಂಬ ಉತ್ತೇಜಕ ದ್ರವ್ಯವನ್ನು ಬೆರೆಸುವುದುಂಟು. ಮೂರನೆಯ ಬಗೆಯಲ್ಲಿ, ರೋಗದ ವೈರಸ್ಸಿನ ಒಂದು ತುಣುಕನ್ನು ಕ್ಯಾನರಿ ಹಕ್ಕಿಯ ಸಿಡುಬಿನ ವೈರಸ್ಸಿಗೆ ಅಂಟಿಸಿರುತ್ತಾರೆ. ಹೆಗಲು ಕೊಡುವ ಆ ವೈರಸ್ ಬೆಕ್ಕಿನಲ್ಲಿ ವೃದ್ಧಿಯಾಗುವುದಿಲ್ಲ, ಅಡ್ಜುವೆಂಟೂ ಬೇಕಿಲ್ಲ. ರೇಬಿಸ್ ಮತ್ತು ಲ್ಯುಕೇಮಿಯಾಕ್ಕೆ ಈ ಬಗೆಯವು ಇವೆ.

ಮೂಗಿಗೆ ಹನಿ ಹಾಕುವ ಲಸಿಕೆಯೂ ಉಂಟು. ನೆಗಡಿಯ ವೈರಸ್‌ಗಳ ಎದುರು ಅದು ಚುರುಕು, ಆದರೆ ಕೆಲವು ದಿನ ಬೆಕ್ಕು ಸೀನಬಹುದು. ಮೂಗಿಗೆ ಕೈ ತಂದರೆ ಪರಚುವ ಬೆಕ್ಕಿನ ಒಡೆಯರು ಸೂಜಿಗೇ ಮತ ಹಾಕುತ್ತಾರೆ; ನಾನು ಆ ಪಕ್ಷದವನು.

ಅಡ್ಜುವೆಂಟ್ ಮಾತು ಬಂದದ್ದರಿಂದ ಗಡ್ಡೆಯ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಚುಚ್ಚಿದ ಜಾಗದಲ್ಲಿ ಮುಂದೆ ಸಾರ್ಕೋಮಾ ಎಂಬ ಕ್ಯಾನ್ಸರ್ ಗಡ್ಡೆ ಬೆಳೆಯಬಹುದೇ ಎಂಬ ಸಂಶಯವನ್ನು ಅಮೆರಿಕದ ಪಶುವೈದ್ಯರು 1991ರಲ್ಲಿ ಎತ್ತಿದರು. ಅಪಾಯ ನಿಜ, ಆದರೆ ವಿರಳ: ಸಾಮಾನ್ಯವಾಗಿ ಹೇಳುವ ಅಂದಾಜು ಹತ್ತು ಸಾವಿರಕ್ಕೆ ಒಂದರ ಆಸುಪಾಸು. ಹಲವರು ಅಡ್ಜುವೆಂಟ್ ಇರುವುದರ ಮೇಲೆ ಹೆಚ್ಚಿನ ಅನುಮಾನ ಇಟ್ಟಿದ್ದಾರೆ. ಆದರೆ ಯಾವ ಬಗೆಯೂ ಪೂರ್ತಿ ನಿರಪಾಯ ಎಂದು ಸಾಬೀತಾಗಿಲ್ಲ. ಎರಡೂ ಬಗೆ ಸಿಗುವಲ್ಲಿ ಅಡ್ಜುವೆಂಟ್ ಇಲ್ಲದ್ದನ್ನು ಕೇಳಿ ಪಡೆಯಿರಿ. ಅದು ಸಿಗಲಿಲ್ಲವೆಂದು ರೇಬಿಸ್ ಲಸಿಕೆಯನ್ನೇ ಬಿಟ್ಟರೆ, ನೆರಳಿಗೆ ಹೆದರಿ ಹಾವನ್ನು ತುಳಿದಂತಾಗುತ್ತದೆ.

ಎಲ್ಲಿ ಚುಚ್ಚಿಸುವುದು ಎಂಬುದೂ ಒಂದು ಆಯ್ಕೆಯೇ. ಹೆಗಲುಗಳ ನಡುವೆ ಚುಚ್ಚುವುದು ಹಳೆಯ ರೂಢಿ. ಅಲ್ಲಿ ಗಡ್ಡೆ ಬೆಳೆದರೆ ಪೂರ್ತಿ ಕತ್ತರಿಸಿ ತೆಗೆಯುವುದು ಬಲು ಕಷ್ಟ. ಅದಕ್ಕೇ ಈಗ ಕಾಲಿನ ಕೆಳಭಾಗದಲ್ಲಿ, ಕೆಲವೆಡೆ ಬಾಲದಲ್ಲಿ ಕೊಡುವುದುಂಟು. ಕೆಟ್ಟದ್ದೇ ಆದರೂ ಕಾಲನ್ನೋ ಬಾಲವನ್ನೋ ಕಳೆದುಕೊಂಡು ಬೆಕ್ಕು ಬದುಕುತ್ತದೆ. ಚುಚ್ಚಿದ ಮೇಲೆ ಸಣ್ಣ ಗಂಟು ಏಳುವುದು ಸಾಮಾನ್ಯ, ಕೆಲವು ವಾರಗಳಲ್ಲಿ ಕರಗುತ್ತದೆ. ಪಶುವೈದ್ಯರಲ್ಲಿ 3-2-1 ಎಂಬ ಸೂತ್ರವಿದೆ: ಗಂಟು 3 ತಿಂಗಳಾದರೂ ಉಳಿದಿದ್ದರೆ, 2 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ಅಥವಾ ಚುಚ್ಚಿದ 1 ತಿಂಗಳ ನಂತರವೂ ಬೆಳೆಯುತ್ತಿದ್ದರೆ ತುಣುಕು ತೆಗೆದು ಪರೀಕ್ಷಿಸಬೇಕು. ಮೂರರಲ್ಲಿ ಒಂದು ಕಂಡರೂ ಸಾಕು.

ಯಾವಾಗ ಎಂಬುದರ ತೂಕ

ಒಳ್ಳೆಯ ಲಸಿಕೆ ಹಾಕಿಸಿಯೂ ಮರಿ ಸತ್ತಿತು ಎಂಬ ಕಥೆಗಳನ್ನು ಕೆದಕಿದರೆ, ಬಹಳಷ್ಟು ಸಲ ತಪ್ಪು ದಿನಾಂಕದಲ್ಲಿ ಸಿಗುತ್ತದೆ. ತಾಯಿಯ ಗಿಣ್ಣುಹಾಲಿನಲ್ಲಿ ಪ್ರತಿಕಾಯಗಳು ಇರುತ್ತವೆ. ಅವು ಮರಿಯನ್ನು ಕೆಲವು ವಾರ ಕಾಯುತ್ತವೆ, ಅಷ್ಟೂ ದಿನ ಲಸಿಕೆಯನ್ನೂ ರೋಗವೆಂದೇ ತಿಳಿದು ಹೊಡೆದು ಹಾಕುತ್ತವೆ. ಅವು ಕರಗುವ ದಿನ ಒಂದೊಂದು ಮರಿಗೆ ಒಂದೊಂದು; ಒಂದೇ ಸೂಲಿನ ಅಕ್ಕತಂಗಿಯರಲ್ಲೂ ಬೇರೆ. ನಡುವೆ ಕೆಲವು ದಿನ ಪ್ರತಿಕಾಯಗಳು ರೋಗ ತಡೆಯಲು ಸಾಲದಷ್ಟು, ಆದರೆ ಲಸಿಕೆಯನ್ನು ಕೆಡಿಸಲು ಸಾಕಷ್ಟು ಉಳಿದಿರುತ್ತವೆ. ಆ ಸಂದಿಯನ್ನು ಹೊರಗಿನಿಂದ ಕಾಣುವಂತಿಲ್ಲ. ಅದಕ್ಕೇ 6ರಿಂದ 8 ವಾರಕ್ಕೆ ಶುರುಮಾಡಿ, 2ರಿಂದ 4 ವಾರಕ್ಕೊಮ್ಮೆ ಕೊಡುತ್ತಾ, 16 ವಾರ ಅಥವಾ ಅದರ ಆಚೆಗೆ ಒಂದು ಚುಚ್ಚು ಬೀಳುವ ಹಾಗೆ ನೋಡಿಕೊಳ್ಳುವುದು. 12 ವಾರಕ್ಕೇ ನಿಲ್ಲಿಸುವ ಹಳೆಯ ಪಟ್ಟಿಗಳು ಇನ್ನೂ ಚಾಲ್ತಿಯಲ್ಲಿವೆ. ಎರಡು ಪಟ್ಟಿಗಳ ನಡುವೆ ಆರಿಸುವುದಾದರೆ 16ನೇ ವಾರ ಇರುವುದನ್ನೇ ಹಿಡಿಯಿರಿ. ನನ್ನನ್ನು ಕೇಳಿದರೆ ಈ ಒಂದು ಚುಚ್ಚಿನ ಬೆಲೆ ನಾಲ್ಕನೆಯ, ಐದನೆಯ ರೋಗಗಳನ್ನು ಸೇರಿಸುವುದಕ್ಕಿಂತ ಹೆಚ್ಚು.

ಮುಂದಿನ ಬೂಸ್ಟರ್ ಒಂದು ವರ್ಷಕ್ಕೋ, ಆರು ತಿಂಗಳಿಗೋ? ವರ್ಷಕ್ಕೆ ಎನ್ನುವುದು ಹಳೆಯ ವಾಡಿಕೆ. 16ನೇ ವಾರದಲ್ಲೂ ತಾಯಿಯ ಪ್ರತಿಕಾಯ ಉಳಿದಿದ್ದ ಕೆಲವು ಮರಿಗಳು ವರ್ಷದವರೆಗೆ ರಕ್ಷಣೆಯಿಲ್ಲದೆ ಓಡಾಡಬಾರದು ಎಂದು, ಈಗಿನ ಮಾರ್ಗಸೂಚಿಗಳು 26 ವಾರಕ್ಕೇ ಕೊಡುವುದನ್ನು ಮೇಲೆನ್ನುತ್ತವೆ.

ಆಮೇಲೆ? ಮನೆಯಲ್ಲೇ ಇರುವ ಒಂಟಿ ಬೆಕ್ಕಿಗೆ ಮೂರರ ಲಸಿಕೆ ಮೂರು ವರ್ಷಕ್ಕೊಮ್ಮೆ ಸಾಕು. ಊರಿಗೆ ಹೋಗುವಾಗ ಬೇರೆ ಬೆಕ್ಕುಗಳಿರುವ ಕಡೆ ಬಿಟ್ಟುಹೋಗುವ ಅಭ್ಯಾಸವಿದ್ದರೆ ನೆಗಡಿಯ ಎರಡು ವೈರಸ್‌ಗಳಿಗೆ ವರ್ಷಕ್ಕೊಮ್ಮೆ ಕೊಡುವುದು ಒಳ್ಳೆಯದು. ಮೂರು ವರ್ಷಕ್ಕೆ ಚುಚ್ಚು ಎಂದಾಕ್ಷಣ ಮೂರು ವರ್ಷ ವೈದ್ಯರ ಮುಖ ನೋಡಬೇಕಿಲ್ಲ ಎಂದಲ್ಲ. ಹಲ್ಲು, ತೂಕ, ಮೂತ್ರಪಿಂಡ ಇವೆಲ್ಲ ವರ್ಷಕ್ಕೊಮ್ಮೆ ತಪಾಸಣೆ ಬೇಡುತ್ತವೆ. ಚುಚ್ಚಿನ ಬದಲು ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆಯೂ ಇದೆ. ಪ್ಯಾನ್‌ಲ್ಯೂಕೋಪೀನಿಯಾಕ್ಕೆ ಅದರ ಉತ್ತರವನ್ನು ನಂಬಬಹುದು. ಹರ್ಪಿಸ್, ಕ್ಯಾಲಿಸಿಗಳಲ್ಲಿ ಪ್ರತಿಕಾಯದ ಮಟ್ಟಕ್ಕೂ ರಕ್ಷಣೆಗೂ ಅಷ್ಟು ಬಿಗಿಯಾದ ನಂಟಿಲ್ಲ.

ದೊಡ್ಡದಾದ ಮೇಲೆ ಮನೆ ಸೇರಿದ ಬೆಕ್ಕಿನ ವಿಷಯ ಬೇರೆ. ನನ್ನ ಮೂರನೆಯ ಬೆಕ್ಕನ್ನು ಕೊಟ್ಟವರು ‘ಎಲ್ಲ ಹಾಕಿಸಿದೆ’ ಎಂದಿದ್ದರು. ಕಾರ್ಡ್ ಮಾತ್ರ ಸಿಗಲಿಲ್ಲ. ಬಾಯಿಮಾತನ್ನು ನಂಬಿ ಎಂಟು ತಿಂಗಳು ಕಳೆದೆ, ಆಮೇಲೆ ಅದು ಒಂದು ವಾರ ಊಟ ಬಿಟ್ಟು ಮೂಗು ಕಟ್ಟಿಕೊಂಡು ಮಲಗಿತು. ದಾಖಲೆ ಇಲ್ಲವೆಂದರೆ ಹಾಕಿಸಿಲ್ಲವೆಂದೇ ಲೆಕ್ಕ. ಮೂರರ ಲಸಿಕೆಯನ್ನು 2ರಿಂದ 4 ವಾರಗಳ ಅಂತರದಲ್ಲಿ ಎರಡು ಬಾರಿ ಕೊಡಿಸಿ, ರೇಬಿಸ್ ಸೇರಿಸಿ. ಅಕಸ್ಮಾತ್ ಹಿಂದೆ ಹಾಕಿಸಿದ್ದರೂ ಒಂದು ಸುತ್ತು ಹೆಚ್ಚಾದುದರಿಂದ ದೊಡ್ಡ ನಷ್ಟವೇನಿಲ್ಲ.

ಆ ದಿನದ ಕೆಲವು ಮಾತು

ಮರಿ ಚಿಕ್ಕದೆಂದು ಅರ್ಧ ಪ್ರಮಾಣ ಕೊಡಿ ಎಂದು ಕೇಳಬೇಡಿ. ಲಸಿಕೆಗೆ ತೂಕದ ಲೆಕ್ಕವಿಲ್ಲ, ಅಂಗೈಯಗಲದ ಮರಿಗೂ ಆರು ಕಿಲೋದ ಗಡವಕ್ಕೂ ಒಂದೇ ಅಳತೆ. ಜ್ವರ, ಭೇದಿ ಇದ್ದರೆ ಮುಂದೂಡಿ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರಬೇಕು. ಪುಡಿ ರೂಪದ್ದನ್ನು ನಿಮ್ಮ ಬೆಕ್ಕಿನ ಸರದಿ ಬಂದಾಗಲೇ ಕಲಸಬೇಕು. ಮನೆಗೆ ತಂದು ತಾವೇ ಚುಚ್ಚುವ ಸಾಹಸ ಮಾಡುವವರು ಈ ತಂಪಿನ ಸರಪಳಿಯಲ್ಲೇ ಸೋಲುತ್ತಾರೆ.

ಚುಚ್ಚಿದ ಮೇಲೆ ಒಂದೆರಡು ದಿನ ಬೆಕ್ಕು ಮಂಕಾಗಿ, ಕಡಿಮೆ ಉಂಡರೆ ಗಾಬರಿ ಬೇಡ. ಮುಖ ಊದಿಕೊಂಡರೆ, ಮತ್ತೆ ಮತ್ತೆ ವಾಂತಿಯಾದರೆ, ಉಸಿರಿಗೆ ಒದ್ದಾಡಿದರೆ ತಕ್ಷಣ ಮರಳಿ ಓಡಿ. ಇಂಥದ್ದು ಸಾಮಾನ್ಯವಾಗಿ ಮೊದಲ ಕೆಲವು ನಿಮಿಷ, ಗಂಟೆಗಳಲ್ಲೇ ಕಾಣಿಸುತ್ತದೆ. ಹಾಗಾಗಿ ಅರ್ಧ ಗಂಟೆ ಅಲ್ಲೇ ಕೂತಿದ್ದು ಹೊರಡುವುದು ಜಾಣತನ. ಹಿಂದೆ ಹೀಗಾಗಿದ್ದರೆ ಮುಂದಿನ ಚುಚ್ಚಿಗೆ ಮೊದಲು ವೈದ್ಯರಿಗೆ ಹೇಳಿ.

ಬೆಕ್ಕಿನೊಂದಿಗೆ ಬೇರೆ ದೇಶಕ್ಕೆ ಹೋಗುವ ಯೋಚನೆ ಇದ್ದರೆ ಕ್ರಮವೂ ಮುಖ್ಯ. ಹಲವು ದೇಶಗಳು ಮೈಕ್ರೋಚಿಪ್ ಅಳವಡಿಸಿದ ನಂತರ ಹಾಕಿಸಿದ ರೇಬಿಸ್ ಲಸಿಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ಚಿಪ್‌ಗೆ ಮೊದಲು ಹಾಕಿಸಿದ್ದರೆ ಮತ್ತೆ ಹಾಕಿಸಬೇಕು, ಮತ್ತೆ ಕಾಯಬೇಕು.

ಹೊರಡುವಾಗ ಕಾರ್ಡಿನಲ್ಲಿ ದಿನಾಂಕದ ಜೊತೆ ಲಸಿಕೆಯ ಹೆಸರು, ಸೀಸೆಯ ಬ್ಯಾಚ್ ಸಂಖ್ಯೆ, ಯಾವ ಕಾಲಿಗೆ ಚುಚ್ಚಿದ್ದು ಎಂಬುದನ್ನೂ ಬರೆಸಿಕೊಳ್ಳಿ. ಆ ಪುಟದ ಫೋಟೊ ಒಂದನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.